ಹನ್ನೊಂದನೇ ರೀಲು

ಸಿನಿಮಾ ಶುರುವಾಗುವಾಗ ಪರದೆಯ ಮೇಲೆ ಹೆಸರುಗಳು ಬರುತ್ತವಲ್ಲ, ಮೊದಲು ನಾಯಕ, ನಾಯಕಿ, ಆಮೇಲೆ ಹಾಸ್ಯದವರು, ಖಳರು. ಎಲ್ಲ ಮುಗಿದ ಮೇಲೆ ‘ಮತ್ತಿತರರು’ ಎಂದು ಒಂದು ಸಾಲು ಬರುತ್ತದೆ. ನನಗೆ ಹತ್ತಿರದಿಂದ ಗೊತ್ತಿದ್ದ ಒಬ್ಬರು ಸಿನಿಮಾದಲ್ಲಿ ಇದ್ದಷ್ಟು ವರ್ಷವೂ ಆ ಸಾಲಿನೊಳಗೇ ಇದ್ದರು. ಅವರ ಹೆಸರನ್ನು ಪರದೆಯ ಮೇಲೆ ಯಾರೂ ಬರೆಯಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಕೆಲಸ ಅವರದು. ಆ ಕೆಲಸ ಮಾಡುವವರನ್ನು ನಮ್ಮ ಕಡೆ ರೈಟರ್ ಎನ್ನುತ್ತಾರೆ. ಹಾಗಾಗಿ ಊರಿಗೆಲ್ಲ ಅವರು ರೈಟ್ರು.

ನಾನು ಆಗ ಟೂರಿಂಗ್ ಟಾಕೀಸಿನ ಆಪರೇಟರ್. ಆಲೂರು ಕಡೆಯ ಯಜಮಾನರೊಬ್ಬರ ಟೆಂಟು ಅದು. ಮಳೆಗಾಲ ಕಳೆದ ಮೇಲೆ ಹಾನುಬಾಳಿಗೆ ಬಂದು ಗೂಟ ಹೊಡೆದರೆ ಮತ್ತೆ ಮಳೆ ಹಿಡಿಯುವ ತನಕ ಅಲ್ಲೇ ಠಿಕಾಣಿ. ಸಂಜೆ ಒಂದು ಆಟ, ಅದು ಮುಗಿದ ಮೇಲೆ ಇನ್ನೊಂದು. ರೈಟ್ರು ಪರಿಚಯವಾದದ್ದು ಆ ಟೆಂಟಿನಲ್ಲೇ. ಅವರು ಸಿನಿಮಾಕ್ಕೆ ಬಂದರೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನನ್ನ ಪ್ರೊಜೆಕ್ಟರ್ ರೂಮಿನ ಗೋಡೆಗೆ ಒರಗಿ, ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. ಉದ್ದ ಆಳು, ತೆಳ್ಳಗೆ, ಶರ್ಟಿನ ಗುಂಡಿಯನ್ನು ಕತ್ತಿನ ತನಕ ಹಾಕಿಕೊಳ್ಳುವ ಅಭ್ಯಾಸ. ಪರದೆ ನೋಡುವುದಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಕೂತ ಜನರನ್ನು ನೋಡುತ್ತಿದ್ದರು. ಅವರದೇ ಪಾರ್ಟು ಇರುವ ಚಿತ್ರವಾದರಂತೂ ಪರದೆಗೆ ಪೂರಾ ಬೆನ್ನು.

ಆಟ ಬಿಟ್ಟ ಮೇಲೆ ನನ್ನ ಹತ್ತಿರ ಬಂದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ನಾನು ಬಂದಾಗ ಎಷ್ಟು ಜನ ಬೀಡಿ ಹಚ್ಚಿದ್ರು ಮಾರಾಯ?”

ಅವರಿಗೆ ಅದೇ ಅಳತೆ. ಕಥೆ ಹಿಡಿದುಕೊಂಡರೆ ಜನಕ್ಕೆ ಬೀಡಿ ನೆನಪಾಗುವುದಿಲ್ಲ. ಸಪ್ಪೆ ಎನಿಸಿದ ಕೂಡಲೇ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಬೆಂಕಿಕಡ್ಡಿ ಗೀಚುತ್ತದೆ. ತಾವು ಡಾಕ್ಟರಾಗಿ ಬಂದ ಒಂದು ಚಿತ್ರದಲ್ಲಿ ಗೀಚುವ ಸದ್ದಿನಲ್ಲೇ ಹನ್ನೆರಡು ಕಡ್ಡಿ ಎಣಿಸಿದ್ದರಂತೆ. “ಕೈ ಎಲ್ಲಿಡಬೇಕು ಅಂತ್ಲೇ ನಂಗೆ ಗೊತ್ತಾಗ್ಲಿಲ್ಲ ಕಣೋ. ಕೊರಳಿಗೆ ಸ್ಟೆತಸ್ಕೋಪ್ ಹಾಕಿದ್ರು, ಅದನ್ನೇ ಹಿಡ್ಕೊಂಡು ನಿಂತ್ಬಿಟ್ಟೆ,” ಎಂದು ಅವರೇ ನಗುತ್ತಿದ್ದರು.

ಅವರು ಸಿನಿಮಾ ಸೇರಿದ್ದು ತಾವಾಗಿ ಹುಡುಕಿಕೊಂಡು ಹೋಗಿ ಅಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಬಿಸಿಲೆ ಘಾಟಿಯ ಕಡೆ ಶೂಟಿಂಗಿಗೆ ಒಂದು ತಂಡ ಬಂದಿತ್ತು. ಎಸ್ಟೇಟಿನ ಧಣಿಗಳು ಅವರಿಗೆ ಜೀಪು ಕೊಟ್ಟು, ಜೊತೆಗೆ ನೋಡಿಕೊಳ್ಳಲು ರೈಟ್ರನ್ನೂ ಕಳಿಸಿದ್ದರು. ಪೋಸ್ಟ್ ಮಾಸ್ತರನ ಪಾತ್ರಕ್ಕೆ ಬಂದಿದ್ದ ನಟ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿ ಮಾಡಿ ಏಳಲಾರದೆ ಮಲಗಿಬಿಟ್ಟ. ಬಿಸಿಲು ಇಳಿಯುತ್ತಿತ್ತು. ಡೈರೆಕ್ಟರು ಸುತ್ತ ಕಣ್ಣು ಹಾಯಿಸಿ, ಕತ್ತಿನ ತನಕ ಗುಂಡಿ ಹಾಕಿಕೊಂಡು ನಿಂತಿದ್ದ ಇವರನ್ನು ಕರೆದರು. ಹೇಳಬೇಕಾಗಿದ್ದದ್ದು ಒಂದೇ ಮಾತು. “ಈ ಕಾಗದ ನಾನು ಓದಿ ಹೇಳೋದಕ್ಕಿಂತ, ನೀವೇ ಮನೆಗೆ ಹೋಗಿ ಓದ್ಕೊಳ್ಳಿ.” ಇವರು ಹೇಳಿದರು. ಎರಡನೇ ಸಲ ಹೇಳಿಸುವ ಅಗತ್ಯ ಬೀಳಲಿಲ್ಲ.

ಅದು ಹೇಗೆ ಬಂತು ಎಂದು ನಾನೊಮ್ಮೆ ಕೇಳಿದ್ದೆ. ಅವರು ಹಾಜರಿಯ ವಿಷಯ ಹೇಳಿದರು. ದಿನಾ ಬೆಳಿಗ್ಗೆ ಸ್ಟೋರಿನ ಮುಂದೆ ನೂರಾರು ಆಳುಗಳು ಸಾಲಾಗಿ ನಿಲ್ಲುತ್ತಾರೆ. ಇವರು ಹೆಸರು ಕೂಗಬೇಕು, ಅವರು “ಬಂದೆ ಸಾಮಿ” ಅನ್ನಬೇಕು. “ಇರೋದು ಒಂದೇ ಮಾತು ನೋಡು. ಜ್ವರ ಬಂದೋನು ಒಂದು ಥರ ಹೇಳ್ತಾನೆ, ಹೆಂಡ್ತಿ ಹತ್ರ ಜಗಳ ಆಡ್ಕೊಂಡು ಬಂದೋನು ಇನ್ನೊಂದು ಥರ. ಮಗಳಿಗೆ ಗಂಡು ಗೊತ್ತಾಗಿರೋನ್ದು ಬೇರೆಯೇ. ನಾನು ತಲೆ ಎತ್ತದೇ ಹೇಳ್ತೇನೆ ಯಾರ ಮನೇಲಿ ಏನಾಗಿದೆ ಅಂತ. ಅವರಿಂದ ಕದ್ದದ್ದೇ ನನ್ನ ಬಂಡವಾಳ.”

ಆಮೇಲೆ ಬೆಂಗಳೂರಿನಿಂದ ವರ್ಷಕ್ಕೆ ಮೂರು ನಾಲ್ಕು ಸಲ ಕಾರ್ಡು ಬರುತ್ತಿತ್ತು. ಎರಡು ದಿನದ ಕೆಲಸ, ಮೂರು ದಿನದ ಕೆಲಸ. ಇವರು ಧಣಿಗಳಿಗೆ ಹೇಳಿ ರಜೆ ಪಡೆದು, ಒಂದು ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಬಂದ ಮೇಲೆ ಮತ್ತೆ ಹಾಜರಿ ಪುಸ್ತಕ. ಅವರಿಗೆ ರೈತನ ಪಾತ್ರ ಮಾಡುವ ಆಸೆಯಿತ್ತು, ಮೇಷ್ಟರ ಪಾತ್ರ ಮಾಡುವ ಆಸೆಯಿತ್ತು. ಯಾರೂ ಕೊಡಲಿಲ್ಲ. ಅವರ ಮನೆಯವರು ಒಂದೆರಡು ತಲೆಮಾರಿನ ಹಿಂದೆ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತರು. ಅದು ಗೊತ್ತಾದ ಮೇಲೆ ಸಿನಿಮಾದವರಿಗೆ ಸುಲಭವಾಯಿತು. “ಚರ್ಚಿಗೆ ಹೋಗೋನು ಅಂದ್ರೆ ಅವರಿಗೆ ಎರಡೇ ಗೊತ್ತಿರೋದು ಮಾರಾಯ,” ಎನ್ನುತ್ತಿದ್ದರು ರೈಟ್ರು. “ಒಂದೋ ಪಾದ್ರಿ, ಇಲ್ಲ ಕುಡುಕ. ಪಾದ್ರಿಗೆ ಮುಖದಲ್ಲಿ ಸ್ವಲ್ಪ ಮಾಂಸ ಬೇಕಂತೆ. ನಂಗೆ ಉಳಿದದ್ದು ಕುಡುಕ.”

ಅವರು ಒಂದು ಹನಿಯೂ ಕುಡಿದವರಲ್ಲ. ಆದರೆ ಕುಡುಕರ ಪಾರ್ಟನ್ನು ಅವರಂತೆ ಮಾಡಿದವರನ್ನು ನಾನು ಕಂಡಿಲ್ಲ. ಉಳಿದವರು ತೂರಾಡುತ್ತಿದ್ದರು, ತೊದಲುತ್ತಿದ್ದರು. ಇವರು ತೂರಾಡುತ್ತಿರಲಿಲ್ಲ. ಬೀಳದೆ ನಿಂತಿರುವುದೇ ದೊಡ್ಡ ಕೆಲಸವೆಂಬಂತೆ ಬಹಳ ಎಚ್ಚರಿಕೆಯಿಂದ, ನೆಟ್ಟಗೆ, ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಅದನ್ನು ಎಲ್ಲಿ ಕಲಿತರು ಎಂದು ನಾನು ಕೇಳಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ತಂದೆ ಹಾನುಬಾಳಿನಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟಿದ್ದವರು. ಅಂಗಡಿಯನ್ನು ಕುಡಿತ ನುಂಗಿತು. ಕೊನೆಗೆ ಒಂದು ಬೆಳಿಗ್ಗೆ ಎಸ್ಟೇಟಿನ ದಾರಿಯ ಚರಂಡಿಯಲ್ಲಿ ಬಿದ್ದವರು ಏಳಲಿಲ್ಲ. ಅವರನ್ನು ಹುಡುಕಿಕೊಂಡು ಹೋಗಿ ಮೊದಲು ನೋಡಿದವರು ರೈಟ್ರ ತಾಯಿ.

ತಾಯಿಯನ್ನು ಅವರು ಕೊಂಕಣಿಯಲ್ಲಿ ಮಾಂಯ್ ಎನ್ನುತ್ತಿದ್ದರು. ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಗಟ್ಟಿ ಹೆಂಗಸು. ಭಾನುವಾರ ತಪ್ಪದೆ ಚರ್ಚಿಗೆ ನಡೆದೇ ಹೋಗಿಬರುತ್ತಿದ್ದರು. ಮಗ ಸಿನಿಮಾದಲ್ಲಿ ಪಾರ್ಟು ಮಾಡುವುದಕ್ಕೆ ಅವರ ಆಕ್ಷೇಪವಿರಲಿಲ್ಲ. ಪರದೆಯ ಮೇಲೆ ಕುಡುಕನಾಗುತ್ತಾನೆ ಎಂದು ಯಾರೋ ಹೇಳಿದ ದಿನದಿಂದ ಮಾತ್ರ ಮನೆಯಲ್ಲಿ ಸಿನಿಮಾ ಎಂಬ ಪದವನ್ನೇ ಎತ್ತಬಾರದು ಎಂದು ಕಟ್ಟು ಮಾಡಿದರು. ಮಗನ ಒಂದು ಚಿತ್ರವನ್ನೂ ಅವರು ನೋಡಿರಲಿಲ್ಲ. ರೈಟ್ರಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ, ಹೊಲಿಗೆ ಮಾಡುತ್ತಿದ್ದ ಒಬ್ಬ ತಂಗಿ, ಇವರು, ಮೂರೇ ಜನ.

ಎಪ್ಪತ್ತರ ದಶಕದ ಕೊನೆಗೆ ಅವರಿಗೆ ಒಂದು ಒಳ್ಳೆಯ ಪಾತ್ರ ಸಿಕ್ಕಿತು. ಅದೂ ಕುಡುಕನೇ. ಆದರೆ ಆ ಚಿತ್ರದ ನಡುವೆ ಅವನಿಗೆ ನಾಲ್ಕು ನಿಮಿಷದ ಒಂದು ದೃಶ್ಯವಿತ್ತು. ಕುಡಿತ ಬಿಟ್ಟು, ಎರಡು ವರ್ಷ ಎಲ್ಲೋ ದುಡಿದು, ಅವನು ಮನೆಗೆ ಬರುತ್ತಾನೆ. ಬಾಗಿಲಲ್ಲಿ ಹೆಂಡತಿ ನಿಂತಿರುತ್ತಾಳೆ. ಅವನು ಹೊಸ್ತಿಲು ದಾಟುವುದಿಲ್ಲ. ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತು ಮಾತಾಡುತ್ತಾನೆ. ಬರೆದುಕೊಟ್ಟ ಮಾತು ಉದ್ದವಾಗಿತ್ತಂತೆ. ಇವರು ಡೈರೆಕ್ಟರನ್ನು ಕೇಳಿಕೊಂಡು ಅದನ್ನು ತೆಗೆಸಿ ತಮ್ಮದೇ ಮಾತು ಹಾಕಿದರು. “ಒಳಗೆ ಬರ್ತೀನಿ ಅಂತ ಕೇಳೋಕೆ ಬಂದಿಲ್ಲ. ನಿನಗೆ ನಾನು ಮಾಡಿದ್ದು ತಪ್ಪು. ಅದನ್ನ ನಿನ್ನೆದುರಿಗೇ ಹೇಳ್ಬೇಕಿತ್ತು. ಹೇಳ್ದೆ. ಹೊರಡ್ತೀನಿ.” ಹೆಂಡತಿ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಹೊಸ್ತಿಲ ಮೇಲಿಡುತ್ತಾಳೆ. ಅವನು ಆ ನೀರನ್ನು ಕುಡಿದು, ಚೊಂಬು ಅಲ್ಲೇ ಇಟ್ಟು ಹೋಗುತ್ತಾನೆ. ಅಷ್ಟೇ. ರೈಟ್ರ ತಂದೆ ತಮ್ಮ ಹೆಂಡತಿಗೆ ಹೇಳದೆ ಸತ್ತ ಮಾತು ಅದು.

ಆ ಚಿತ್ರ ನಮ್ಮ ಟೆಂಟಿಗೆ ಎರಡು ದಿನಕ್ಕೆ ಬಂತು, ಶನಿವಾರ ಮತ್ತು ಭಾನುವಾರ. ಹದಿನಾರು ರೀಲು. ಒಂದೊಂದು ರೀಲೂ ಹತ್ತು ನಿಮಿಷದ ಸುಮಾರು. ರೈಟ್ರ ಆ ದೃಶ್ಯವಿದ್ದದ್ದು ಹನ್ನೊಂದನೇ ರೀಲಿನಲ್ಲಿ. ಶನಿವಾರ ನಾನು ಅದನ್ನು ಓಡಿಸಿ ನೋಡಿದೆ. ಹಾಡಿಲ್ಲ, ಹೊಡೆದಾಟವಿಲ್ಲ, ಬರೀ ಮಾತು. ಟೆಂಟಿನಲ್ಲಿ ಒಂದೂ ಕಡ್ಡಿ ಗೀಚಲಿಲ್ಲ. ಭಾನುವಾರ ಮಧ್ಯಾಹ್ನ ರೈಟ್ರು ಬಂದಾಗ ಅದನ್ನೇ ಹೇಳಿದೆ. ಅವರು ಕೊಡೆಯ ತುದಿಯಿಂದ ನೆಲ ಒತ್ತಿದರು. ಆಮೇಲೆ ಹೇಳಿದರು, “ಇವತ್ತು ಸಂಜೆ ಮಾಂಯ್ ಬರ್ತಾರೆ.”

ಒಪ್ಪಿಸಲು ಅವರಿಗೆ ಒಂದು ತಿಂಗಳು ಹಿಡಿದಿತ್ತು. ಮೊದಲು ಕುಡುಕನಾಗಿಯೇ ಬರ್ತೇನೆ, ಆದರೆ ಕೊನೆಗೆ ಒಂದು ಸಲ ಬರ್ತೇನೆ, ಅದನ್ನು ನೋಡೋ ತನಕ ಎದ್ದು ಹೋಗಬಾರದು ಎಂದು ಮಾತು ತಗೊಂಡಿದ್ದರು. ಮುಂದಿನ ಸಾಲಿನಲ್ಲಿ ನಾನೇ ಎರಡು ಕುರ್ಚಿ ಹಾಕಿಸಿದೆ. ಬಾಯಮ್ಮ ಮಗಳ ಜೊತೆ ಬಂದು, ಕೈಯಲ್ಲಿ ಜಪಮಾಲೆ ಹಿಡಿದುಕೊಂಡೇ ಕೂತರು. ರೈಟ್ರು ಮಾತ್ರ ಒಳಗೆ ಬರಲಿಲ್ಲ. “ಅವರು ನೋಡೋದನ್ನ ನಾನು ನೋಡ್ಲಾರೆ ಮಾರಾಯ. ಹೋಟ್ಲಲ್ಲಿ ಕೂತಿರ್ತೇನೆ,” ಎಂದು ರಸ್ತೆಯಾಚೆ ಹೋದರು.

ಎಂಟನೇ ರೀಲಿನಲ್ಲಿ ಕರೆಂಟು ಹೋಯಿತು. ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು. ಅಷ್ಟರಲ್ಲಿ ಎರಡನೇ ಆಟಕ್ಕೆ ದೂರದ ಎಸ್ಟೇಟುಗಳ ಆಳುಗಳು ಲಾರಿಯಲ್ಲಿ ಬಂದು ಹೊರಗೆ ನಿಂತಿದ್ದರು. ಯಜಮಾನರು ನನ್ನ ರೂಮಿಗೆ ತಲೆ ಹಾಕಿದರು.

“ಲೇ, ಹೊರ್ಗಡೆ ಜನ ಗಲಾಟೆ ಮಾಡ್ತಾವ್ರೆ. ಇಂಟರ್ವೆಲ್ ಬ್ಯಾಡ. ಒಂದು ರೀಲು ಹಾರಿಸ್ಬುಡು.”

“ಯಾವ್ದು ಯಜಮಾನ್ರೆ?”

“ನೀನೇ ನೋಡ್ಕೊ. ಯಾವ್ದೋ ಒಂದು,” ಎಂದು ಅವರು ಗೇಟಿನ ಕಡೆ ಓಡಿದರು.

ಮಿಕ್ಕಿದ್ದ ರೀಲುಗಳು ನನ್ನ ಕಾಲ ಬಳಿ ಡಬ್ಬಿಗಳಲ್ಲಿ ಸಾಲಾಗಿ ಇದ್ದವು. ಒಂಬತ್ತು, ಹತ್ತು ಕಥೆಗೆ ಬೇಕಾದವು. ಹನ್ನೆರಡರಲ್ಲಿ ಆ ವರ್ಷ ಎಲ್ಲರ ಬಾಯಲ್ಲಿದ್ದ ಹಾಡಿತ್ತು. ಆ ಹಾಡಿಗೆಂದೇ ಕೆಲವರು ಹಿಂದಿನ ದಿನದ ಎರಡೂ ಆಟ ನೋಡಿ ಮತ್ತೆ ಬಂದಿದ್ದರು. ಅದನ್ನು ಬಿಟ್ಟರೆ ಟೆಂಟಿನ ಮೇಲೆ ಕಲ್ಲು ಬೀಳುವುದು ಖಂಡಿತ. ಹಿಂದೊಮ್ಮೆ ಹಾಗೇ ಆಗಿ ನನ್ನ ಹಣೆ ಒಡೆದಿತ್ತು. ಹದಿಮೂರು, ಹದಿನಾಲ್ಕರಲ್ಲಿ ಕಥೆಯ ಗಂಟು ಬಿಚ್ಚುವುದು, ಹದಿನೈದು, ಹದಿನಾರು ಹೊಡೆದಾಟ, ಮುಕ್ತಾಯ. ಹನ್ನೊಂದನ್ನು ಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಒಬ್ಬರನ್ನು ಬಿಟ್ಟು. ಅವರು ಮುಂದಿನ ಸಾಲಿನಲ್ಲಿ ಕೂತಿದ್ದದ್ದು ನನಗೆ ಗೊತ್ತಿತ್ತು. ಗೋಡೆಯ ಕಿಂಡಿಯಿಂದ ಅವರ ಬಿಳಿ ತಲೆ ಕಾಣುತ್ತಿತ್ತು. ಬಾಯಮ್ಮನನ್ನು ಇನ್ನೊಂದು ಸಲ ಕರೆದು ತೋರಿಸಿದರಾಯಿತು, ಚಿತ್ರ ಮತ್ತೆಲ್ಲಾದರೂ ಬಂದೇ ಬರುತ್ತದೆ ಎಂದುಕೊಂಡೆ. ಹತ್ತು ಮುಗಿದ ಕೂಡಲೇ ಹನ್ನೆರಡನ್ನು ಏರಿಸಿದೆ.

ಹತ್ತನೇ ರೀಲಿನ ಕೊನೆಗೆ ರೈಟ್ರು ಚರಂಡಿಗೆ ಬಿದ್ದಿದ್ದರು. ಅದರ ಬೆನ್ನಿಗೇ ಹಾಡು ಶುರುವಾಯಿತು. ಜನ ಸಿಳ್ಳೆ ಹಾಕಿದರು.

ಬಾಯಮ್ಮ ಕೊಟ್ಟ ಮಾತಿನಂತೆ ಕೊನೆಯ ತನಕ ಕೂತಿದ್ದರು. ಮಗ ಇನ್ನೊಂದು ಸಲ ಬರುತ್ತಾನೆ ಎಂದು ಕಾದಿದ್ದರು. ಬರಲಿಲ್ಲ. ಆಟ ಬಿಟ್ಟಾಗ ರೈಟ್ರು ಹೋಟೆಲಿನಿಂದ ರಸ್ತೆ ದಾಟಿ ಓಡುತ್ತಾ ಬಂದರು. ತಾಯಿಯ ಮುಖ ನೋಡಿ ನಿಂತುಬಿಟ್ಟರು. ಬಾಯಮ್ಮ ಕೊಂಕಣಿಯಲ್ಲಿ ಎರಡು ಮಾತು ಹೇಳಿ ಮುಂದೆ ನಡೆದರು. ಅವರು ಹೇಳಿದ್ದೇನೆಂದು ತಂಗಿ ಆಮೇಲೆ ನನಗೆ ಹೇಳಿದರು. “ಇದನ್ನು ನಾನು ಒಂದು ಸಲ ನೋಡಿದ್ದೆ. ಅಷ್ಟು ಸಾಕಾಗಿತ್ತು.”

ರೈಟ್ರು ನನ್ನ ಹತ್ತಿರ ಬಂದರು. ಸಿಟ್ಟಿರಲಿಲ್ಲ. ಏನಾಯಿತು ಎಂದು ತಿಳಿಯದ ಮುಖ. “ಹನ್ನೊಂದು ಹಾಕ್ಲಿಲ್ವಾ?”

ಆಗ ನಾನು ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ. “ಮಧ್ಯಾಹ್ನದ ಬಸ್ಸಲ್ಲಿ ಬೆಂಗ್ಳೂರಿಂದ ಕಾಗದ ಬಂದೈತೆ ರೈಟ್ರೇ. ಚಿತ್ರ ಉದ್ದ ಆಯ್ತಂತೆ. ಹನ್ನೊಂದು ಬಿಟ್ಬುಡಿ ಅಂತ ಬರ್ದವ್ರೆ.”

ಅವರು ಕಾಗದ ತೋರಿಸು ಅನ್ನಲಿಲ್ಲ. ಅನ್ನುತ್ತಾರೆಂದು ಹೆದರಿ ನಾನು ಡಬ್ಬಿಗಳ ಮುಚ್ಚಳ ಹಾಕುತ್ತಾ ನಿಂತಿದ್ದೆ.

ಮಾರನೆಯ ದಿನ ಅವರು ಹಾಜರಿ ಮುಗಿಸಿ ಧಣಿಗಳ ಅಪ್ಪಣೆಯನ್ನೂ ಕೇಳದೆ ಬೆಂಗಳೂರಿನ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು, ಒಂದು ವಾರ ಕಳೆದ ಮೇಲೆ. ಸೀದಾ ನಿರ್ಮಾಪಕರ ಆಫೀಸಿಗೆ ಹೋದರಂತೆ. ಡೈರೆಕ್ಟರು ಇದ್ದರು, ಬೇರೆ ಚಿತ್ರದ ಮಾತಿಗೆ ಬಂದ ಇನ್ನೂ ನಾಲ್ಕೈದು ಜನ ಇದ್ದರು. ಅಷ್ಟು ಜನರೆದುರಿಗೆ ಇವರು, ನನ್ನ ದೃಶ್ಯ ಯಾಕೆ ತೆಗೆಸಿದಿರಿ, ಹೇಳದೆ ಕೇಳದೆ ಹಳ್ಳಿಗಳಿಗೆ ಕಾಗದ ಬರೆದು ಯಾಕೆ ಕತ್ತರಿಸಿದಿರಿ ಎಂದು ಕೇಳಿದರು. ಜೀವನದಲ್ಲಿ ಯಾರ ಮುಂದೂ ಧ್ವನಿ ಏರಿಸದವರು ಅವತ್ತು ಏರಿಸಿದರಂತೆ. ಅಂಥ ಕಾಗದ ನಾವು ಬರೆದೇ ಇಲ್ಲ ಎಂದರು ಆಫೀಸಿನವರು. ಇವರು ಒಪ್ಪಲಿಲ್ಲ.

“ನಮ್ಮೂರ ಆಪರೇಟರ್ ಸುಳ್ಳು ಹೇಳೋನಲ್ಲ ಅಂತ ಅಂದೆ ಕಣೋ,” ಎಂದರು ರೈಟ್ರು. “ಮೂರು ಸಲ ಅಂದೆ.”

ಆಫೀಸಿನವರು ಗುಮಾಸ್ತನನ್ನು ಕರೆಸಿದರು. ಹೋದ ಕಾಗದಗಳ ನಕಲಿನ ಫೈಲು ತೆಗೆಸಿ ಇವರ ಮುಂದಿಟ್ಟರು. ಕೂತವರೆಲ್ಲ ನಕ್ಕರು. ಹೊರಗೆ ಬರುವಾಗ ಡೈರೆಕ್ಟರು, “ನಿಮಗೆ ನಾಲ್ಕು ನಿಮಿಷ ಕೊಟ್ಟಿದ್ದೇ ತಪ್ಪಾಯ್ತು ನೋಡಿ,” ಎಂದರಂತೆ. ಆ ಮಾತನ್ನು ರೈಟ್ರು ನನಗೆ ಹೇಳುವಾಗ ಅದೇ ಡೈರೆಕ್ಟರ ಧ್ವನಿ, ಅದೇ ಕತ್ತಿನ ತಿರುವು ತಂದು ಹೇಳಿದರು. ಅದು ಅವರಿಗೆ ತಾನಾಗಿ ಬರುತ್ತಿತ್ತು. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ, “ಯಜಮಾನ್ರು ಹೇಳಿದ್ರು ರೈಟ್ರೇ. ಹನ್ನೊಂದು ಬಿಡು ಅಂದ್ರು. ನಾನು ಕೂಲಿಯೋನು, ಏನ್ ಮಾಡ್ಲಿ,” ಎಂದೆ. ಇದು ಎರಡನೆಯ ಸುಳ್ಳು.

ಅವರು ಅದನ್ನೂ ನಂಬಿದರು. ಯಜಮಾನರ ಹತ್ತಿರ ಹೋಗಿ ಕೇಳಿ ಜಗಳ ತೆಗೆಯಬಹುದಿತ್ತು. ಹೋಗಲಿಲ್ಲ. “ನಿನ್ನ ಕೆಲಸಕ್ಕೆ ಕುತ್ತು ಬರೋದು ಬೇಡ,” ಎಂದರು. ಆಮೇಲೆ, “ನಂಗೊಂದು ಉಪಕಾರ ಮಾಡ್ಬೇಕು ನೀನು. ಮನೆಗೆ ಬಂದು ಮಾಂಯ್ ಹತ್ರ ಆ ದೃಶ್ಯ ಹೇಳ್ಬೇಕು. ನಾನು ಹೇಳಿದ್ರೆ ಸಮಾಧಾನಕ್ಕೆ ಕಟ್ಟಿ ಹೇಳ್ತಿದ್ದೇನೆ ಅಂತಾರೆ. ನೀನು ಕಣ್ಣಾರೆ ನೋಡಿದೋನು,” ಎಂದರು.

ಹೋದೆ. ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಅವರ ಮನೆ. ತಂಗಿ ಹೊಲಿಗೆ ನಿಲ್ಲಿಸಿ ಕಾಫಿ ತಂದರು. ಬಾಯಮ್ಮ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡಿದರು. ನಾನು ಹೇಳತೊಡಗಿದೆ. ಹೀಗೆ ಬರುತ್ತಾರೆ, ಹೀಗೆ ಚಪ್ಪಲಿ ಬಿಡುತ್ತಾರೆ, ಹೀಗೆ ನಿಲ್ಲುತ್ತಾರೆ. ನನಗೆ ಪ್ರೊಜೆಕ್ಟರ್ ಓಡಿಸಿ ಗೊತ್ತೇ ಹೊರತು ಕಥೆ ಹೇಳಿ ಗೊತ್ತಿಲ್ಲ. ಅಂಗಳದ ಮಾತನ್ನು ಹೇಳುವಾಗ ಒಂದು ವಾಕ್ಯ ತಪ್ಪಿತು. ಮೂಲೆಯಲ್ಲಿ ನಿಂತಿದ್ದ ರೈಟ್ರ ತುಟಿ ಅಲ್ಲಾಡಿತು, ತಿದ್ದಲಿಲ್ಲ. ಅವರು ಅಲ್ಲಿ ನಾಲ್ಕು ಮಾರು ದೂರದಲ್ಲಿ ನಿಂತಿದ್ದರು. ಒಂದು ಸಲ ತಾವೇ ಮಾಡಿ ತೋರಿಸಿದ್ದರೆ ಮುಗಿಯುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ತಾಯಿಯ ಎದುರಿಗೆ ಅವರಿಗೆ ಆ ಧೈರ್ಯ ಇರಲಿಲ್ಲ. ಪರದೆಯ ಮೇಲಾದರೆ ಮಾತ್ರ ಹೇಳಬಲ್ಲ ಮಾತಾಗಿತ್ತು ಅದು.

ಎಲ್ಲ ಕೇಳಿ ಬಾಯಮ್ಮ ಕೇಳಿದರು, “ನೀರು ಕೊಟ್ಟಳಾ ಅವಳು?”

“ಕೊಟ್ಟರು ಬಾಯಮ್ಮ. ಇವರು ಕುಡಿದರು.”

“ಹಾಗಾದರೆ ಆ ದಿವಸ ಯಾಕೆ ತೋರಿಸಲಿಲ್ಲ?”

ನಾನು ರೈಟ್ರ ಕಡೆ ನೋಡಿದೆ. ಅವರೇ ಹೇಳಿದರು, “ಕರೆಂಟು ಹೋಗಿತ್ತಲ್ಲ ಮಾಂಯ್. ಅದಕ್ಕೆ ತಪ್ಪಿ ಹೋಯ್ತು.”

ಬಾಯಮ್ಮ ಲೋಟ ಎತ್ತಿ ಮಗಳ ಕೈಗೆ ಕೊಟ್ಟರು. “ನೀನು ಹೇಳಿದ್ದು ಚೆನ್ನಾಗಿದೆ ಮಗಾ,” ಎಂದರು ನನಗೆ. “ಆದರೆ ನಾನು ಕಂಡದ್ದು ಅದಲ್ಲ.”

ಆ ಚಿತ್ರ ಆ ಸೀಮೆಗೆ ಮತ್ತೆ ಬರಲಿಲ್ಲ. ಆಲೂರಿನಲ್ಲಿ, ಸಕಲೇಶಪುರದಲ್ಲಿ ಎಲ್ಲಾದರೂ ಹಾಕುತ್ತಾರಾ ಎಂದು ನಾನು ವಿಚಾರಿಸುತ್ತಲೇ ಇದ್ದೆ. ಎರಡು ವರ್ಷದ ಮೇಲೆ ಬಾಯಮ್ಮ ತೀರಿಕೊಂಡರು. ಮಗನ ಮೇಲೆ ಅವರಿಗೆ ಪ್ರೀತಿ ಕಡಿಮೆಯಾಗಿರಲಿಲ್ಲ, ಊಟಕ್ಕೆ ಕಾಯುತ್ತಿದ್ದರು, ಜ್ವರ ಬಂದರೆ ಹಣೆ ಒತ್ತುತ್ತಿದ್ದರು. ಆದರೆ ಭಾನುವಾರದ ಸಂಜೆಯ ವಿಷಯ ಆ ಮನೆಯಲ್ಲಿ ಹಾಗೇ ಉಳಿಯಿತು.

ಬೆಂಗಳೂರಿನ ಕಾರ್ಡುಗಳೂ ನಿಂತವು. ಜಗಳಗಂಟ ಎಂದು ಹೆಸರಾಗಿತ್ತು. ಒಂದು ಆಫೀಸಿನಲ್ಲಿ ಆದ ಮಾತು ಉಳಿದ ಆಫೀಸುಗಳಿಗೆ ಹೋಗಲು ಹೆಚ್ಚು ದಿನ ಬೇಕಾಗುವುದಿಲ್ಲ. ‘ಮತ್ತಿತರರು’ ಸಾಲಿಗೆ ಜನ ಸಿಗುವುದು ಕಷ್ಟವೇನಲ್ಲ. ಐದಾರು ವರ್ಷ ಅವರು ಬರೀ ರೈಟರ್ ಆಗಿದ್ದರು. ಟಪಾಲಿನವನು ಎಸ್ಟೇಟಿನ ಗೇಟಿಗೆ ಬರುವ ಹೊತ್ತಿಗೆ ಏನಾದರೊಂದು ನೆವ ಮಾಡಿಕೊಂಡು ಗೇಟಿನ ಹತ್ತಿರ ಇರುತ್ತಿದ್ದರು ಎಂದು ಅಲ್ಲಿನ ಆಳುಗಳು ಹೇಳುತ್ತಿದ್ದರು. ನನ್ನ ಮೇಲೆ ಮಾತ್ರ ಅವರಿಗೆ ಬೇಸರವಿರಲಿಲ್ಲ. ಊರಿಗೆ ವೀಡಿಯೋ ಬಂದು ಟೆಂಟು ಮುಚ್ಚಿತು. ನಾನು ಸಕಲೇಶಪುರದಲ್ಲಿ ರೇಡಿಯೋ, ಟಿವಿ ರಿಪೇರಿಯ ಸಣ್ಣ ಅಂಗಡಿ ಇಟ್ಟೆ. ಪ್ರತಿ ಸಂತೆಯ ದಿನ ರೈಟ್ರು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಕೆಲಸವಿದ್ದರೆ ಮಾತಾಡಿಸುತ್ತಿರಲಿಲ್ಲ. ಒಂದು ಗಂಟೆ ಕೂತು, ಬಸ್ಸಿನ ಹೊತ್ತಾದಾಗ ಎದ್ದು ಹೋಗುತ್ತಿದ್ದರು. ಅವರು ಬಂದು ಕೂತಷ್ಟು ಹೊತ್ತೂ ನನಗೆ ಬೆನ್ನಿನ ಮೇಲೆ ಭಾರ ಇಟ್ಟಂತಾಗುತ್ತಿತ್ತು.

ಎಂಬತ್ತರ ದಶಕದ ಎರಡನೇ ಅರ್ಧದಲ್ಲಿ ಟಿವಿ ಧಾರಾವಾಹಿಯೊಂದಕ್ಕೆ ಅವರಿಗೆ ಕರೆ ಬಂತು. ಹೊಸ ಹುಡುಗರ ತಂಡ, ಹಳೆಯ ಜಗಳ ಅವರಿಗೆ ಗೊತ್ತಿರಲಿಲ್ಲ. ಕಾಡಿನ ನಡುವಿನ ಒಂದು ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಮುದಿ ಗ್ಯಾಂಗ್‌ಮನ್ ಒಬ್ಬನ ಪಾತ್ರ. ಹದಿಮೂರು ಕಂತಿನಲ್ಲಿ ನಾಲ್ಕರಲ್ಲಿ ಬರುತ್ತಾನೆ. ಎಡಕುಮೇರಿಯಲ್ಲಿ ಶೂಟಿಂಗ್. ಲೈಟು, ವೈರು ನೋಡಿಕೊಳ್ಳಲು ಒಬ್ಬ ಬೇಕೆಂದಾಗ ರೈಟ್ರು ನನ್ನ ಹೆಸರು ಹೇಳಿದರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು, ನಾಲ್ಕು ದಿನ.

ಅವರು ಆಗ ಅರವತ್ತರ ಹತ್ತಿರ. ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವ ಒಂದು ದೃಶ್ಯವಿತ್ತು, ಮಾತಿಲ್ಲ. ಅವರು ಬೆಳಿಗ್ಗೆಯೆಲ್ಲ ಅಲ್ಲಿನ ನಿಜವಾದ ಗ್ಯಾಂಗ್‌ಮನ್ ಒಬ್ಬನ ಹಿಂದೆ ಅಡ್ಡಾಡಿದರು. ಮಧ್ಯಾಹ್ನ ಕ್ಯಾಮೆರಾದ ಮುಂದೆ ನಡೆದಾಗ ಆ ಗ್ಯಾಂಗ್‌ಮನ್ ನನ್ನ ಪಕ್ಕ ನಿಂತಿದ್ದ. “ಇವ್ರು ಎಷ್ಟು ವರ್ಷ ಲೈನಲ್ಲಿದ್ರು ಸಾರ್?” ಎಂದು ಕೇಳಿದ. ನಾನು ಅದನ್ನು ರೈಟ್ರಿಗೆ ಹೇಳಿದೆ. ಅವರು ಮುಖ ಒರೆಸುವ ನೆವದಲ್ಲಿ ಟವೆಲನ್ನು ಬಹಳ ಹೊತ್ತು ಮುಖಕ್ಕೆ ಒತ್ತಿಕೊಂಡಿದ್ದರು.

ಕೊನೆಯ ದಿನ ಕೆಲಸ ಬೇಗ ಮುಗಿಯಿತು. ಸಂಜೆಯ ರೈಲಿಗೆ ಕಾಯುತ್ತಾ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಾವಿಬ್ಬರೇ ಕೂತಿದ್ದೆವು. ಅವರು ಬಹಳ ವರ್ಷಗಳ ಮೇಲೆ ಸಂತೋಷದಲ್ಲಿದ್ದರು. ನನಗೆ ಹೇಳಿಬಿಡಬೇಕು ಎನ್ನಿಸಿತು. ಅವರ ಸಂತೋಷದ ಹೊತ್ತಿನಲ್ಲಿ ಹೇಳಿದರೆ ಹಗುರವಾಗಿ ತೆಗೆದುಕೊಂಡಾರು ಎಂಬ ಲೆಕ್ಕವೂ ನನ್ನೊಳಗೆ ಇತ್ತು. ಸುಳ್ಳು ಹೇಳುವುದಿಲ್ಲ.

“ರೈಟ್ರೇ, ಯಜಮಾನ್ರು ಹನ್ನೊಂದು ಅಂತ ಹೇಳಿರ್ಲಿಲ್ಲ. ಯಾವ್ದೋ ಒಂದು ರೀಲು ಅಂದಿದ್ರು. ಹನ್ನೊಂದು ಅಂತ ಆರಿಸಿದ್ದು ನಾನು.”

ಅವರು ಹಳಿಯ ಕಡೆ ನೋಡುತ್ತಲೇ ಮಾತಾಡಿದರು.

“ಅದ್ರಲ್ಲಿ ಏನಿದೆ ಅಂತ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮಾಂಯ್ ಒಳಗೆ ಕೂತಿದ್ದು?”

“ಅದೂ ಗೊತ್ತಿತ್ತು. ಇನ್ನೊಂದ್ಸಲ ಕರ್ದು ತೋರ್ಸಿದ್ರಾಯ್ತು ಅಂದ್ಕೊಂಬುಟ್ಟೆ.”

“ಬೇರೆ ಯಾವ್ದು ಬಿಡಬಹುದಿತ್ತು?”

“ಹನ್ನೆರಡು. ಅದ್ರಲ್ಲಿ ಹಾಡಿತ್ತು. ಬಿಟ್ಟಿದ್ರೆ ಕಲ್ಲು ಬೀಳ್ತಿದ್ವು.”

ರೈಟ್ರು ಯೋಚಿಸಿದರು. ಆ ಟೆಂಟಿನ ಜನರನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರು. “ಬೀಳ್ತಿದ್ವು, ಹೌದು,” ಎಂದರು. ಆಮೇಲೆ ಬಹಳ ಮೆತ್ತಗೆ, “ಬೀಳ್ಲಿ ಅನ್ಬೇಕಿತ್ತು ಮಾರಾಯ,” ಎಂದರು.

ರೈಲು ಬಂತು. ಹತ್ತಿದೆವು. ಸಕಲೇಶಪುರದ ತನಕ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಇಳಿದಾಗ ಎಂದಿನಂತೆ, “ಬರ್ತೇನೆ,” ಎಂದು ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಮುಂದಿನ ಸಂತೆಯ ದಿನ ಅವರು ಅಂಗಡಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಒಂದು ದಿನ ಎದುರು ಬದಿಯಲ್ಲಿ ತರಕಾರಿ ಚೀಲ ಹಿಡಿದು ಹೋಗುವುದನ್ನು ಕಂಡೆ. “ರೈಟ್ರೇ” ಎಂದು ಕೂಗಿದೆ. ನಿಂತರು, ನನ್ನನ್ನು ನೋಡಿದರು, ಕೊಡೆಯನ್ನು ಸ್ವಲ್ಪ ಮೇಲೆತ್ತಿ ಕಂಡೆ ಎಂಬಂತೆ ಮಾಡಿ, ಬಸ್ಸಿನ ಕಡೆ ನಡೆದರು. ಹೇಳದೆ ಇದ್ದ ಅಷ್ಟೂ ವರ್ಷ ಭಾರ ಹೊತ್ತದ್ದು ನಾನು. ಹೇಳಿ ಅದನ್ನು ಅವರ ಮೇಲೆ ಇಳಿಸಿದೆ. ಅಷ್ಟು ದಿನ ಅವರಿಗೆ ಕೂತು ಹೋಗಲು ಒಂದು ಅಂಗಡಿಯಾದರೂ ಇತ್ತು. ಅದನ್ನೂ ಕಿತ್ತುಕೊಂಡಂತಾಯಿತು.

ಧಾರಾವಾಹಿ ಪ್ರಸಾರವಾದಾಗ ನಾನು ಅಂಗಡಿಯ ಟಿವಿಯನ್ನು ಬಾಗಿಲಿಗೆ ತಂದಿಟ್ಟಿದ್ದೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಚಿತ್ರ ಅಷ್ಟು ಸ್ವಚ್ಛವಾಗಿ ಬರುತ್ತಿರಲಿಲ್ಲ, ಆದರೂ ಅವರ ನಡಿಗೆ ಕಂಡಿತು. ಅವರು ಅದನ್ನು ಚರ್ಚಿನ ಪಾದ್ರಿಗಳ ಮನೆಯಲ್ಲಿ ನೋಡಿದರಂತೆ. ಆ ಮಳೆಗಾಲದಲ್ಲಿ ನ್ಯುಮೋನಿಯಾ ಬಂದು, ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ತೀರಿಕೊಂಡರು. ಸುದ್ದಿ ತಂದವನು ಬಸ್ಸಿನ ಕಂಡಕ್ಟರು. ಮಣ್ಣಿಗೆ ಎಸ್ಟೇಟಿನ ಆಳುಗಳೆಲ್ಲ ಕಂಬಳಿ ಹೊದ್ದು ಬಂದಿದ್ದರು. ಸಿನಿಮಾದವರು ಯಾರೂ ಇರಲಿಲ್ಲ. ಯಾರಿಗೂ ತಿಳಿಸಿರಲಿಲ್ಲ.

ಹದಿನೈದು ದಿನ ಬಿಟ್ಟು ನಾನು ಅವರ ಮನೆಗೆ ಹೋದೆ. ತಂಗಿ ಒಬ್ಬರೇ ಇದ್ದರು. ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು, ಸಾಮಾನು ಕಟ್ಟುತ್ತಿದ್ದರು. ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು.

“ಅಣ್ಣ ಕೊನೆಗೂ ನಿಮ್ಮ ಸುದ್ದಿ ಕೇಳ್ತಿದ್ದ,” ಎಂದರು. “ಒಂದು ಮಾತು ನಿಮ್ಮನ್ನು ಕೇಳ್ಬೇಕು ಅಂತಿದ್ದೆ. ಆವತ್ತು ಮಾಂಯ್ ಸಿನಿಮಾಕ್ಕೆ ಬಂದಿದ್ದಾಗ ಆ ರೀಲು ಹೇಗೆ ತಪ್ಪಿ ಹೋಯ್ತು? ನಿಮ್ಮ ಯಜಮಾನರು ಬೇಕಂತ ಬಿಡಿಸಿದ್ದು ಅಂತ ಊರಲ್ಲಿ ಯಾರೋ ಹೇಳಿದ್ರು. ಅಣ್ಣನನ್ನು ಕೇಳ್ದೆ. ಆಸ್ಪತ್ರೆಗೆ ಹೋಗೋ ಹಿಂದಿನ ದಿನವೂ ಕೇಳ್ದೆ. ಯಾರದ್ದೂ ತಪ್ಪಿಲ್ಲ, ಕರೆಂಟು ಹೋಗಿತ್ತು, ಅಷ್ಟೇ ಅಂದ. ಹೌದಾ?”

ಲೋಟ ನನ್ನ ಕೈಯಲ್ಲೇ ಇತ್ತು. ಕಟ್ಟಿದ ಗಂಟುಗಳು, ಹೊಲಿಗೆ ಮಿಷನ್ನು, ಗೋಡೆಯಲ್ಲಿ ಬಾಯಮ್ಮನ ಫೋಟೋ ತೆಗೆದ ಜಾಗ, ಎಲ್ಲ ನೋಡಿದೆ.

“ಹೌದು,” ಎಂದೆ. “ಕರೆಂಟು ಹೋಗಿತ್ತು.”